ಇತರೆ

ವಾಲ್ಪರೈಸೊದ ಗೋಲೊಂದ್ರಿನಾ ಗುಡ್ಡದಲ್ಲಿ
ಸಲಹೆ ಪೆಟ್ಟಿಗೆಯ ಕೀಲಿ ಇರುವುದು ನನ್ನ ಬಳಿ.
ವರ್ಷಕ್ಕೊಮ್ಮೆ, ಮಾರ್ಚ್ ಮುಗಿಯುವಾಗ,
ತೆರೆದು, ಎಣಿಸಿ, ಓದಿ
ನಾಲ್ಕು ಕಟ್ಟು ಕಟ್ಟುವುದು ನನ್ನ ಕೆಲಸ:
ರಸ್ತೆ, ನೀರು, ದೀಪ, ಇತರೆ.

ಇತರೆಯ ಕಟ್ಟು ಯಾವಾಗಲೂ ದಪ್ಪ.

ಕಡಲ ತೇವಕ್ಕೆ ಚೀಟಿಗಳು ಒಂದಕ್ಕೊಂದು ಅಂಟಿರುತ್ತವೆ,
ಉಗುರಿನಿಂದ ಬಿಡಿಸಬೇಕು ಮೆಲ್ಲಗೆ,
ಗಾಯದ ಪಟ್ಟಿ ಬಿಚ್ಚುವ ಹಾಗೆ.
ನೀರಿಗೆ ಹಾಕಬಹುದಾದ್ದು ಎರಡೇ,
ಎರಡೂ ಒಂದೇ ಸೋರುವ ನಲ್ಲಿಯ ಮೇಲಿನ ಚಾಡಿ.
ಒಬ್ಬ ಹುಡುಗಿ ಬರೆದಿದ್ದಾಳೆ:
ನಾಯಿ ಮಲಗುವ ಮೆಟ್ಟಿಲಿಗೆ ಹಳದಿ ಬಳಿಯಿರಿ,
ಕತ್ತಲಲ್ಲಿ ಯಾರೂ ತುಳಿಯಬಾರದು.
ಇನ್ನೊಬ್ಬರು, ಸಹಿ ಇಲ್ಲ:
ಮೇಯರು ಒಂದು ದಿನ ಗ್ಯಾಸ್ ಸಿಲಿಂಡರ್ ಹೊತ್ತು
ನಮ್ಮ ಮನೆಗೆ ಬರಲಿ.
ಬೇರೇನೂ ಬೇಡ. ಒಂದು ಸಿಲಿಂಡರ್.
ನಗು ಬಂತು. ಅದನ್ನು ರಸ್ತೆಗೆ ಹಾಕಿದೆ.

ಆಮೇಲೆ ಎದುವಿಹಿಸ್ ಅರಾವೆನಾಳ ಚೀಟಿ,
ಬ್ರೆಡ್ಡಿನಂಗಡಿಯ ಕಾಗದದ ಬೆನ್ನಿಗೆ ಬರೆದದ್ದು,
ಇನ್ನೂ ಹಿಟ್ಟಿನ ವಾಸನೆ:
"ನೂರ ಅರವತ್ತೆರಡು ಮೆಟ್ಟಿಲಿಗೆ ಹಿಡಿಯಲೊಂದು ಕಂಬಿ.
ಎಡಗಡೆ.
ಬಲಗೈಯಲ್ಲಿ ಬ್ರೆಡ್ಡಿರುತ್ತದೆ.
ಇಳಿಯಲು ಗೋಡೆ ಉಂಟು, ಹತ್ತಲು ಏನೂ ಇಲ್ಲ."

ಸಭೆ ಸೇರಿದ್ದು ಅಗ್ನಿಶಾಮಕದವರ ಶೆಡ್ಡಿನಲ್ಲಿ,
ಕೆಂಪು ಗಾಡಿಯನ್ನು ಹೊರಗೆ ನಿಲ್ಲಿಸಿ
ಅದರ ಜಾಗದಲ್ಲಿ ಕುರ್ಚಿ ಹಾಕಿ.
ಎಂಜಿನಿಯರ್ ಒಯಾರ್ಸೂನ್ ಕೈಪಿಡಿ ತೆರೆದರು:
ಒಂದೇ ಕಂಬಿಯಾದರೆ ಬಲಗಡೆ, ಪುಟ ನಲವತ್ತು.
ಎರಡಕ್ಕೆ ದುಡ್ಡಿಲ್ಲ.
"ಬ್ರೆಡ್ಡನ್ನು ಎಡಗೈಗೆ ದಾಟಿಸಬಹುದಲ್ಲ?"
ಮೆತ್ತಗೇ ಕೇಳಿದರು, ಕೆಟ್ಟ ಮನುಷ್ಯನಲ್ಲ.

ಅವಳು ಎದ್ದು ಬಲಗೈ ತೋರಿಸಿದಳು.
ಮೂರು ಬೆರಳು ಮಡಚಿದವು ಮಡಚಿಯೇ ಇದ್ದವು,
ಮೂವತ್ತು ವರ್ಷದ ಮೀನಿನ ಕಾರ್ಖಾನೆ.
"ಇದು ಹಿಡಿಯುವುದಿಲ್ಲ ಸ್ವಾಮಿ,
ತೂಗುಹಾಕಿಕೊಳ್ಳುತ್ತದೆ ಅಷ್ಟೇ."

ಆಗ ಬೆಸುಗೆಯ ನೊಲ್ಬೆರ್ತೊ ಕೆಮ್ಮಿದ:
ಪೈಪು ನನ್ನ ಹತ್ತಿರ ಇದೆ,
ನಿಂತುಹೋದ ಲಿಫ್ಟಿನದು, ಯಾರನ್ನೂ ಕೇಳದೆ ತಂದದ್ದು,
ಗುಮಾಸ್ತರೇ, ಅದನ್ನು ಮಾತ್ರ ಬರೆದುಕೊಳ್ಳಬೇಡಿ.
ಬರೆದುಕೊಳ್ಳಲಿಲ್ಲ.
ಎತ್ತಿದ ಕೈ ಮೂವತ್ತೊಂದು.
ಎತ್ತದವರು ಇಬ್ಬರು, ಒಬ್ಬ ನಿದ್ದೆಯಲ್ಲಿದ್ದ.
ಆದರೂ ಪುಟ ನಲವತ್ತು ಪುಟ ನಲವತ್ತೇ.

ಮರುದಿನ ಅಳತೆಯ ಟೇಪು ಜೇಬಿಗಿಟ್ಟು
ಕಡತ ಬಲಗೈಯಲ್ಲಿ ಹಿಡಿದು ಹತ್ತಿದೆ.
ಎಂಬತ್ತನೆಯ ಮೆಟ್ಟಿಲಲ್ಲಿ ಉಸಿರು ಕೈಕೊಟ್ಟಿತು,
ಎಡಗೈ ತಾನೇ ಚಾಚಿಕೊಂಡು
ಗಾಳಿಯನ್ನು ಹಿಡಿಯಿತು.
ಗಾಳಿಗೆ ಯಾವ ಪುಟವೂ ಇಲ್ಲ.

ಮೇಲೆ ಮುಟ್ಟಿ, ಬಂದರಿನ ಕ್ರೇನುಗಳನ್ನು ನೋಡಲು ತಿರುಗಿದೆ.
ತಿರುಗಿದೊಡನೆ
ಎಡ ಬಲವಾಯಿತು.

ಹತ್ತುವವರಿಗೋ ಇಳಿಯುವವರಿಗೋ
ಕೈಪಿಡಿ ಬರೆದವನು ಹೇಳಿರಲಿಲ್ಲ;
ಮೆಟ್ಟಿಲಿಲ್ಲದ ಊರಿನವನಿರಬೇಕು.
ನಾಯಿಯ ಪಕ್ಕ ಕೂತು, ಮೊಣಕಾಲ ಮೇಲೆ ಕಡತವಿಟ್ಟು ಬರೆದೆ:
ಕಂಬಿ ನಿಯಮದಂತೆ ಬಲಗಡೆ, ಇಳಿಯುವಾಗ.
ಹದಿನೇಳು ವರ್ಷದ ನೌಕರಿಯಲ್ಲಿ
ನಾನಾಗಿ ಸೇರಿಸಿದ್ದು ಆ ಒಂದೇ ಪದ.
ಒಯಾರ್ಸೂನ್ ಓದಿದರು, ಕನ್ನಡಕ ತೆಗೆದರು,
ಮತ್ತೆ ಹಾಕಿಕೊಂಡು ಸಹಿ ಮಾಡಿದರು.

ಈ ಮಾರ್ಚಿನಲ್ಲಿ ಪೆಟ್ಟಿಗೆ ಮತ್ತೆ ತುಂಬಿದೆ.
ನಾಯಿಯ ಮೆಟ್ಟಿಲಿಗೆ ಹಳದಿ ಬಳಿದವರು ಯಾರೋ ಗೊತ್ತಿಲ್ಲ;
ನಾಯಿ ಈಗ ಅದರ ಕೆಳಗಿನದರಲ್ಲಿ ಮಲಗುತ್ತದೆ.
ಅದೇ ಬ್ರೆಡ್ಡಿನ ಕಾಗದ, ಅದೇ ಓರೆ ಅಕ್ಷರ:
"ಕಂಬಿ ಚೆನ್ನಾಗಿದೆ.
ಜುಲೈ ಮುಂಜಾನೆ ಕಬ್ಬಿಣ ಕೈ ಕೊರೆಯುತ್ತದೆ.
ಯಾರಾದರೂ ಯೋಚಿಸಿ."

ರಸ್ತೆಯಲ್ಲ, ನೀರಲ್ಲ, ದೀಪವೂ ಅಲ್ಲ.
ಚೀಟಿಯನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದೇನೆ.